ದೇವರಕೋಣೆಯೂ ಜಗಲಿಯೂ: ಕ್ರೈಸ್ತರು, ಹಿಂದೂ ನೆರೆಮನೆ ಮತ್ತು ಆಚರಣೆ

(ಇತ್ತೀಚೆಗೆ ಒಂದು ಕಾಲೇಜಿನಲ್ಲಿ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಹೇಳಬೇಕೆಂದುಕೊಂಡು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ. ಮಾತಿನ ಧಾಟಿ ಹಾಗೇ ಇರಲಿ ಅಂತ ಜಾಸ್ತಿ ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ವಿಷಯ ‘ಹಿಂದೂ-ಕ್ರೈಸ್ತ ಸೌಹಾರ್ದ’. ನಿಜ ಹೇಳಬೇಕೆಂದರೆ ಸೌಹಾರ್ದ ಅನ್ನುವ ಶಬ್ದ ಕೇಳಿದ ಕೂಡಲೇ ನನಗೆ ಆಕಳಿಕೆ ಬರುತ್ತದೆ. ವೇದಿಕೆ ಮೇಲೆ ಒಬ್ಬರು ಸ್ವಾಮೀಜಿ, ಒಬ್ಬರು ಫಾದರ್, ನಡುವೆ ಒಂದು ಕಾಲುದೀಪ. ಎಲ್ಲ ಧರ್ಮದ ಸಾರ ಒಂದೇ ಅಂತ ಇಬ್ಬರೂ ಹೇಳುತ್ತಾರೆ. ಫೋಟೋ ತೆಗೆಸಿಕೊಳ್ಳುತ್ತಾರೆ. ಟೀ ಕುಡಿದು ಮನೆಗೆ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನಾನು ಹುಟ್ಟಿ ಬೆಳೆದ ಉಡುಪಿ ಕಡೆಯ ಹಳ್ಳಿಯಲ್ಲಿ ಯಾರೂ ಸಾರದ ಬಗ್ಗೆ ಮಾತಾಡಿದ್ದು ನನಗೆ ನೆನಪಿಲ್ಲ. ಅಲ್ಲಿ ಮಾತೆಲ್ಲ ತೆನೆಯದ್ದು, ಮೇಣದ ಬತ್ತಿಯದ್ದು, ಪ್ರಸಾದದ್ದು, ಯಾರ ಮನೆಯಿಂದ ಬಂದ ಪಾತ್ರೆ ಇನ್ನೂ ವಾಪಸ್ ಹೋಗಿಲ್ಲ ಎನ್ನುವುದರದ್ದು. ಹಾಗಾಗಿ ಆಚರಣೆಯ ಬಗ್ಗೆಯೇ ಮಾತಾಡುತ್ತೇನೆ.

ಒಂದು ಮದುವೆಯಿಂದ ಶುರು ಮಾಡುತ್ತೇನೆ. ನಮ್ಮ ಚಿಕ್ಕಪ್ಪನ ಮಗಳ ಮದುವೆ, ಊರಿನ ಚರ್ಚಿನಲ್ಲಿ. ನೆರೆಮನೆಯವರೆಲ್ಲ ಬಂದಿದ್ದರು. ಪೂಜೆ ನಡೆಯಿತು. ಹೌದು, ನಾವು ಕ್ಯಾಥೋಲಿಕರೂ ಕನ್ನಡದಲ್ಲಿ ಅದನ್ನು ಪೂಜೆ ಅಂತಲೇ ಕರೆಯುವುದು, ಬಲಿಪೂಜೆ ಅಂತ. ಕೊನೆಗೆ ಪರಮಪ್ರಸಾದ ಕೊಡುವ ಹೊತ್ತು, ಅಂದರೆ ಯೇಸುವಿನ ದೇಹ ಅಂತ ನಾವು ನಂಬುವ ರೊಟ್ಟಿಯ ತುಣುಕು. ಜನ ಸಾಲಿನಲ್ಲಿ ನಿಂತರು. ಆ ಸಾಲಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನೂ ನಿಂತಿದ್ದರು. ಅಕ್ಕ ಅಂದರೆ ಆಗಲೇ ಅರವತ್ತು ದಾಟಿದವರು, ಊರಿಗೆಲ್ಲ ಅಕ್ಕ. ಸೆರಗು ಹೊದ್ದುಕೊಂಡು, ತೀರ್ಥ ತೆಗೆದುಕೊಳ್ಳುವ ಹಾಗೆ ಎಡಗೈ ಕೆಳಗೆ, ಬಲಗೈ ಮೇಲೆ ಬಟ್ಟಲು ಮಾಡಿಕೊಂಡು ಭಕ್ತಿಯಿಂದ ಮುಂದೆ ಹೋದರು.

ಈಗ ಗಮನಿಸಿ. ಕೈಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವ ಕ್ಯಾಥೋಲಿಕರು ಎಡಗೈಯನ್ನು ಮೇಲಿಡುತ್ತಾರೆ. ಅದರಲ್ಲಿ ಇಟ್ಟದ್ದನ್ನು ಬಲಗೈಯಿಂದ ಎತ್ತಿ ಬಾಯಿಗಿಡಬೇಕಲ್ಲ, ಅದಕ್ಕೆ. ಅಕ್ಕನದ್ದು ಬಲಗೈ ಮೇಲೆ. ಫಾದರಿಗೆ ಹಣೆಯ ಕುಂಕುಮ ನೋಡುವ ಮೊದಲೇ ಕೈ ನೋಡಿ ಗೊತ್ತಾಯಿತು ಅಂತ ಕಾಣುತ್ತದೆ. ಅವರು ಪ್ರಸಾದ ಕೊಡಲಿಲ್ಲ. ಅಕ್ಕನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಕಳಿಸಿದರು. ಅಕ್ಕ ಎರಡೂ ಕೈ ಕಣ್ಣಿಗೊತ್ತಿಕೊಂಡು ವಾಪಸ್ ಬಂದರು.

ಊಟದ ಹೊತ್ತಿಗೆ ನನ್ನ ಅಮ್ಮನ ಹತ್ತಿರ ಕೇಳಿದರು, ‘ಬಾಯಮ್ಮ, ಫಾದರ್ ನಂಗೆ ಪ್ರಸಾದ ಕೊಡ್ಲಿಲ್ಲ. ಮುಗಿದಿತ್ತಾ?’

ಅಮ್ಮ ಒಂದು ಕ್ಷಣ ಸುಮ್ಮನಿದ್ದು ಹೇಳಿದರು, ‘ಹೌದು ಮಾರಾಯ್ತಿ, ಮುಗಿದಿತ್ತು.’

ಮುಗಿದಿರಲಿಲ್ಲ. ಅಮ್ಮ ಸುಳ್ಳು ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದು ತೀರಾ ಕಡಿಮೆ, ಅದರಲ್ಲಿ ಇದೊಂದು. ಆ ಸುಳ್ಳಿನ ಬಗ್ಗೆ ನಾನು ತುಂಬಾ ವರ್ಷ ಯೋಚಿಸಿದ್ದೇನೆ.

ತೊಂದರೆ ಇರುವುದು ಶಬ್ದದಲ್ಲೇ ನೋಡಿ. ನಾವೇ ಅದಕ್ಕೆ ಪರಮಪ್ರಸಾದ ಅಂತ ಹೆಸರಿಟ್ಟೆವು. ಕನ್ನಡದಲ್ಲಿ ಪ್ರಸಾದ ಅಂದರೆ ಕೈಯೊಡ್ಡಿದವರಿಗೆಲ್ಲ ಕೊಡುವಂಥದ್ದು. ನೀನ್ಯಾರು, ನಿನ್ನ ನಂಬಿಕೆ ಏನು ಅಂತ ಯಾರೂ ಕೇಳುವುದಿಲ್ಲ. ನಮ್ಮದು ಹಾಗಲ್ಲ. ದೀಕ್ಷಾಸ್ನಾನ ಆಗಿರಬೇಕು, ಕ್ಯಾಥೋಲಿಕ್ ಪಂಗಡಕ್ಕೆ ಸೇರಿರಬೇಕು, ಮನಸ್ಸಿನಲ್ಲಿ ದೊಡ್ಡ ಪಾಪ ಇಟ್ಟುಕೊಂಡಿರಬಾರದು. ಪ್ರಾಟೆಸ್ಟೆಂಟರಿಗೂ ಮಾಮೂಲಾಗಿ ಕೊಡುವುದಿಲ್ಲ. ಹಾಗಾದರೆ ಹೆಸರು ಎಲ್ಲರದ್ದು, ವಸ್ತು ಮಾತ್ರ ನಮ್ಮದು. ಅಕ್ಕ ಹೆಸರನ್ನು ನಂಬಿ ಕೈಯೊಡ್ಡಿದರು.

ಇನ್ನೊಂದು ಮಗ್ಗುಲು. ಅದೇ ಅಕ್ಕ ಕಟೀಲು ದೇವಸ್ಥಾನಕ್ಕೆ ಹೋಗಿ ಬಂದರೆ ನಮಗೆ ಪಂಚಕಜ್ಜಾಯ ತಂದುಕೊಡುತ್ತಿದ್ದರು. ಅಮ್ಮ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ಅಕ್ಕ ಹೋದ ಮೇಲೆ ಮಕ್ಕಳಿಗೆ ಹಂಚುತ್ತಿದ್ದರು, ‘ತಿನ್ನಿ, ಬೆಲ್ಲ ತೆಂಗಿನಕಾಯಿ ಅಲ್ವಾ’ ಅಂತ. ತಾವು ಮಾತ್ರ ತಿನ್ನುತ್ತಿರಲಿಲ್ಲ. ಅಪ್ಪ ತಿನ್ನುತ್ತಿದ್ದರು. ಒಂದೇ ಮನೆ, ಒಂದೇ ಪೊಟ್ಟಣ, ಮೂರು ಥರದ ಧರ್ಮಶಾಸ್ತ್ರ.

ಇದೇನು ನಮ್ಮ ಊರಿನ ಹೊಸ ಸಮಸ್ಯೆ ಅಲ್ಲ. ಬೈಬಲಿನಲ್ಲಿ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಎಂಟನೇ ಮತ್ತು ಹತ್ತನೇ ಅಧ್ಯಾಯ ಇದರದ್ದೇ ಪಂಚಾಯಿತಿ. ವಿಗ್ರಹಕ್ಕೆ ಇಟ್ಟದ್ದನ್ನು ತಿನ್ನಬಹುದೋ ಬಾರದೋ? ಅವನು ಕೊಟ್ಟ ಉತ್ತರ ಸ್ವಾರಸ್ಯವಾಗಿದೆ. ಬೇರೆಯವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನು, ಎಲ್ಲಿಂದ ಬಂತು ಅಂತ ಕೇಳಬೇಡ. ಆದರೆ ಇದು ದೇವರಿಗೆ ಇಟ್ಟದ್ದು ಅಂತ ಯಾರಾದರೂ ಬಾಯಿಬಿಟ್ಟು ಹೇಳಿದರೆ, ಹೇಳಿದವನ ಸಲುವಾಗಿ ತಿನ್ನಬೇಡ. ಅಂದರೆ ಕೇಳದೆ ಇದ್ದರೆ ಎಲ್ಲ ಸರಿ! ನಮ್ಮ ಅಪ್ಪ ಆ ಪತ್ರ ಓದಿದ್ದರೋ ಇಲ್ಲವೋ, ಅವರ ಜೀವನವಿಡೀ ಅದೇ ಪಾಲಿಸಿ.

ಈಗ ನನ್ನ ಮಾತಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳೇ ಮನೆಗಳಲ್ಲಿ ಜಗಲಿ ಇರುತ್ತಿತ್ತು, ಒಳಗೆ ದೇವರಕೋಣೆ ಇರುತ್ತಿತ್ತು. ಜಗಲಿಗೆ ಯಾರು ಬೇಕಾದರೂ ಬರಬಹುದಿತ್ತು, ಕೂತು ನೀರು-ಬೆಲ್ಲ ತೆಗೆದುಕೊಳ್ಳಬಹುದಿತ್ತು. ದೇವರಕೋಣೆಗೆ ಮನೆಯವರೇ ಎಲ್ಲರೂ ಹೋಗುವ ಹಾಗಿರಲಿಲ್ಲ. ಪ್ರತಿಯೊಂದು ಆಚರಣೆಯೂ ಇಂಥದ್ದೇ ಒಂದು ಮನೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೆ ಒಳಗಿನ ಕೋಣೆ ಇದೆ, ಹೊರಗಿನ ಜಗಲಿ ಇದೆ. ನಮ್ಮ ಪರಮಪ್ರಸಾದ ದೇವರಕೋಣೆ. ದೇವಸ್ಥಾನದ ಗರ್ಭಗುಡಿಯೂ ಹಾಗೇ, ಅಲ್ಲಿಗೆ ಬಹುಪಾಲು ಹಿಂದೂಗಳಿಗೇ ಪ್ರವೇಶ ಇಲ್ಲ. ಒಳಗೆ ಬಿಡಲಿಲ್ಲ ಅಂತ ನೆರೆಯವರ ಮಧ್ಯೆ ಜಗಳ ಆದದ್ದು ನಾನು ನೋಡಿಲ್ಲ. ಜಗಲಿಯನ್ನು ಯಾರೋ ಕಿತ್ತುಹಾಕಿದಾಗ ಜಗಳ ಆಗಿದೆ.

ಕರಾವಳಿಯ ಜಗಲಿಗಳ ಉದಾಹರಣೆ ಕೊಡುತ್ತೇನೆ. ಕಾರ್ಕಳದ ಹತ್ತಿರ ಅತ್ತೂರು ಇದೆಯಲ್ಲ, ಸಂತ ಲಾರೆನ್ಸರ ಚರ್ಚು. 2016ರಲ್ಲಿ ಅದಕ್ಕೆ ರೋಮಿನಿಂದ ಬಸಿಲಿಕಾ ಅನ್ನುವ ವಿಶೇಷ ಚರ್ಚಿನ ಪದವಿ ಸಿಕ್ಕಿತು. ಜನರ ಬಾಯಲ್ಲಿ ಮಾತ್ರ ಅದು ಈಗಲೂ ಅತ್ತೂರು ಜಾತ್ರೆಯೇ. ಜನವರಿಯಲ್ಲಿ ಹಬ್ಬ. ಸಂತರ ಮರದ ಮೂರ್ತಿಯನ್ನು ಹೊತ್ತು ಬರುವಾಗ ಒಂದು ಜಾಗದಲ್ಲಿ ಕೆಳಗಿಟ್ಟರಂತೆ, ಮತ್ತೆ ಎತ್ತಲು ಹೋದರೆ ಅಲುಗಾಡಲೇ ಇಲ್ಲವಂತೆ, ಅಲ್ಲೇ ಚರ್ಚು ಕಟ್ಟಿದರಂತೆ. ಈ ಕಥೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಗೋಕರ್ಣದ ಆತ್ಮಲಿಂಗದ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚರ್ಚಿನ ಪಕ್ಕ ಒಂದು ಕೊಳ, ಅದಕ್ಕೆ ಎಲ್ಲರೂ ಪುಷ್ಕರಿಣಿ ಅಂತಲೇ ಹೇಳುವುದು. ಅದರ ನೀರನ್ನು ತಲೆಗೆ ಹಾಕಿಕೊಳ್ಳುತ್ತಾರೆ, ಬಾಟಲಿಯಲ್ಲಿ ತುಂಬಿಸಿ ಮನೆಗೆ ಒಯ್ಯುತ್ತಾರೆ. ಮೇಣದ ಬತ್ತಿ ಹರಕೆ ಹೇಳಿಕೊಳ್ಳುತ್ತಾರೆ. ಬತ್ತಿ ಹಚ್ಚುವ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಸಾಕು, ಕರಿಮಣಿ ಯಾವುದು, ಶಿಲುಬೆಯ ಸರ ಯಾವುದು ಅಂತ ಬೇರೆ ಮಾಡುವುದೇ ಕಷ್ಟ. ಮೇಣ ಕರಗಿ ಎಲ್ಲ ಒಂದಾಗಿ ಹರಿಯುತ್ತಿರುತ್ತದೆ, ಚಪ್ಪಲಿಗೆ ಅಂಟುತ್ತದೆ, ಅಷ್ಟೇ.

ಹರಕೆಗೆ ಯಾವ ಸರ್ಟಿಫಿಕೇಟೂ ಬೇಡ. ಮಗುವಿಗೆ ಜ್ವರ ಬಿಟ್ಟರೆ ಬತ್ತಿ ಹಚ್ಚುತ್ತೇನೆ ಅಂತ ಯಾರು ಯಾರಿಗೆ ಬೇಕಾದರೂ ಹೇಳಿಕೊಳ್ಳಬಹುದು. ನಡುವೆ ಪುರೋಹಿತರೂ ಇಲ್ಲ, ಫಾದರೂ ಇಲ್ಲ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ನೋಡಿ. ಕಾವಿ ಬಟ್ಟೆ ಹಾಕಿ ವ್ರತ ಹಿಡಿದವರು, ಸೀರೆ ಉಡಿಸಿದ ಮೇರಿಯಮ್ಮ, ಕೊನೆಗೆ ತೇರು. ತಮಿಳುನಾಡಿನ ವೇಳಾಂಕಣ್ಣಿ ಚರ್ಚಿನಲ್ಲಿ ಮುಡಿ ಕೊಡುತ್ತಾರೆ, ಸಮುದ್ರದಲ್ಲಿ ಮುಳುಗಿ ಬರುತ್ತಾರೆ, ಮಕ್ಕಳಾಗಲಿ ಅಂತ ತೊಟ್ಟಿಲು ಕಟ್ಟುತ್ತಾರೆ. ಇದರಲ್ಲಿ ಹಿಂದೂ ಎಷ್ಟು, ಕ್ರೈಸ್ತ ಎಷ್ಟು ಅಂತ ಅಳೆದು ಕೊಡಿ ಅಂದರೆ ನನಗಂತೂ ಸಾಧ್ಯವಿಲ್ಲ.

ಜನ ಇದಕ್ಕೆ ಕೊಟ್ಟ ವಿವರಣೆ ವೇದಿಕೆಯ ವಿವರಣೆಗಿಂತ ಎಷ್ಟೋ ಚೆನ್ನಾಗಿದೆ. ಗೋವಾದ ಮಾಪುಸಾದಲ್ಲಿ ಮಿಲಾಗ್ರಿಸ್ ಸಾಯ್ಬಿಣ್ ಅಂತ ಮೇರಿಮಾತೆ. ಶಿರ್ಗಾಂವದ ಲಯರಾಯಿ ದೇವಿ ಅವಳ ಅಕ್ಕ-ತಂಗಿಯರಲ್ಲಿ ಒಬ್ಬಳು ಅಂತ ಅಲ್ಲಿನವರ ನಂಬಿಕೆ. ಮಾಪುಸಾದ ಹಬ್ಬಕ್ಕೆ ಹಿಂದೂಗಳು ಎಣ್ಣೆ ತರುತ್ತಾರೆ. ಕೇರಳದ ಅರ್ತುಂಕಲ್‌ನಲ್ಲಿ ಸಂತ ಸೆಬಾಸ್ಟಿಯನ್ನನನ್ನು ವೆಳುತ್ತಚ್ಚನ್ ಅನ್ನುತ್ತಾರೆ. ಅವನು ಅಯ್ಯಪ್ಪನಿಗೆ ಅಣ್ಣ-ತಮ್ಮನ ಸಂಬಂಧ. ಶಬರಿಮಲೆಯಿಂದ ಬರುವ ಎಷ್ಟೋ ಮಂದಿ ಆ ಚರ್ಚಿಗೆ ಬಂದು ಮಾಲೆ ತೆಗೆಯುತ್ತಾರೆ.

ಇಲ್ಲಿ ಯಾರೂ ಎಲ್ಲ ದೇವರು ಒಂದೇ ಅನ್ನಲಿಲ್ಲ. ಸಂಬಂಧಿಕರು ಅಂದರು. ಮನೆ ಬೇರೆ, ಒಲೆ ಬೇರೆ, ಆದರೆ ವರ್ಷಕ್ಕೊಮ್ಮೆ ಹೋಗಿ ಬರಬೇಕು, ಬರಿಗೈಯಲ್ಲಿ ಹೋಗಬಾರದು. ಒಂದೇ ಅಂದುಬಿಟ್ಟರೆ ಹೋಗಿ ಬರುವ ಕೆಲಸವೇ ಇಲ್ಲವಲ್ಲ! ದೊಡ್ಡ ದೊಡ್ಡ ದೇವಶಾಸ್ತ್ರಿಗಳಿಗೆ ಇದನ್ನು ಕೇಳಿದರೆ ಕಸಿವಿಸಿ ಆಗುತ್ತದೆ. ಆಗಲಿ.

ಈ ಜಗಲಿಯನ್ನು ಕಿತ್ತುಹಾಕಲು ಪ್ರಯತ್ನ ನಡೆದೇ ಇದೆ, ಮೊದಲು ನಡೆಸಿದ್ದು ನಮ್ಮವರೇ. ಅದನ್ನು ಮುಚ್ಚಿಟ್ಟು ಮಾತಾಡಿದರೆ ನೀವು ನನ್ನನ್ನು ನಂಬಬಾರದು. 1599ರಲ್ಲಿ ಕೇರಳದ ಉದಯಂಪೇರೂರಿನಲ್ಲಿ ಪೋರ್ಚುಗೀಸ್ ಆರ್ಚ್‌ಬಿಷಪ್ ಒಂದು ಸಭೆ ಸೇರಿಸಿ, ಅಲ್ಲಿನ ಹಳೇ ಕ್ರೈಸ್ತರು ಹಿಂದೂ ನೆರೆಯವರ ಜೊತೆ ಹಂಚಿಕೊಂಡಿದ್ದ ಎಷ್ಟೋ ಪದ್ಧತಿಗಳನ್ನು ನಿಲ್ಲಿಸಲು ಹೇಳಿದರು. ಗೋವಾದಲ್ಲಿ ಇನ್ಕ್ವಿಸಿಷನ್ ಅಂತ ಧರ್ಮವಿಚಾರಣೆಯ ಕೋರ್ಟು 1560ರಿಂದ 1812ರ ತನಕ ಇತ್ತು, ಮಧ್ಯೆ ಕೆಲವು ವರ್ಷ ಬಿಟ್ಟು. ಅದು 1736ರಲ್ಲಿ ಹೊರಡಿಸಿದ ಒಂದು ಆಜ್ಞೆ ಓದಿದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಕ್ರೈಸ್ತರು ಅಂಗಳದಲ್ಲಿ ತುಳಸಿ ಬೆಳೆಸಬಾರದು. ಉಪ್ಪು ಹಾಕದೆ ಅನ್ನ ಮಾಡಬಾರದು, ಯಾಕೆಂದರೆ ಹಿಂದೂಗಳು ಹಾಗೆ ಮಾಡುತ್ತಾರೆ. ಗಂಡಸರು ಪಂಚೆ ಉಡಬಾರದು, ಹೆಂಗಸರು ಚೋಳಿ ತೊಡಬಾರದು. ಮದುವೆಯಲ್ಲಿ ವೀಳ್ಯ ಹಂಚಬಾರದು. ಮದುಮಕ್ಕಳಿಗೆ ಅರಸಿನ, ತೆಂಗಿನೆಣ್ಣೆ, ಹಾಲು ಹಚ್ಚಬಾರದು.

ಈ ಕೊನೆಯದನ್ನು ಸ್ವಲ್ಪ ನೋಡೋಣ. ಮಂಗಳೂರು ಕಡೆಯ ಕ್ಯಾಥೋಲಿಕರ ಮದುವೆಗೆ ಹೋದವರಿಗೆ ರೋಸ್ ಗೊತ್ತು. ಮದುವೆಯ ಹಿಂದಿನ ದಿನ ಮದುಮಗಳನ್ನು ಕೂರಿಸಿ ಕೊಬ್ಬರಿ ಎಣ್ಣೆ, ತೆಂಗಿನಕಾಯಿ ಹಾಲು ಹಚ್ಚುವುದು. ಹಿರಿಯರು ಹಣೆಯ ಮೇಲೆ ಶಿಲುಬೆ ಗುರುತು ಹಾಕಿ ಶುರು ಮಾಡುತ್ತಾರೆ, ಆಮೇಲೆ ಅಕ್ಕ-ತಂಗಿಯರು ತಲೆ ಮೇಲೆ ಚೊಂಬುಗಟ್ಟಲೆ ಸುರಿದು ರಂಪ ಮಾಡುತ್ತಾರೆ. ಗೋವಾದಲ್ಲಿ ಯಾವುದನ್ನು ಅಪರಾಧ ಅಂದರೋ ಅದನ್ನೇ ಇಲ್ಲಿ ನಾವು ರಾಜಾರೋಷವಾಗಿ ಮಾಡಿಕೊಂಡು ಬಂದಿದ್ದೇವೆ. ನಮ್ಮ ಹಿರಿಯರು ಗೋವಾ ಬಿಟ್ಟು ಕೆನರಾಕ್ಕೆ, ಅಂದರೆ ಈ ಕರಾವಳಿಗೆ ಬಂದರು, ಪೋರ್ಚುಗೀಸರ ಆ ಕೋರ್ಟಿನ ಕೈ ಕೆಳದಿ ಅರಸರ ನೆಲದ ತನಕ ಚಾಚಲಿಲ್ಲ. ತುಳುವರು ಈಗಲೂ ನಮ್ಮನ್ನು ಪೊರ್ಬುಲು ಅನ್ನುತ್ತಾರೆ. ಪ್ರಭು ಅನ್ನುವ ಹಳೇ ಹೆಸರೇ ಅದು. ನಮ್ಮ ಕೆಲವು ಮನೆಗಳಲ್ಲಿ ನಾವು ಮೊದಲು ಕಾಮತ್, ಪೈ, ಶೆಣೈ ಆಗಿದ್ದೆವು ಅಂತ ಇನ್ನೂ ಹೇಳಿಕೊಳ್ಳುತ್ತಾರೆ, ಅದೂ ಸ್ವಲ್ಪ ಜಂಬದಲ್ಲಿ. ಮತ ಬದಲಾದರೂ ಜಾತಿಯ ಜಂಬ ಬಿಡಲಿಲ್ಲ ಅನ್ನುವುದು ಬೇರೆ ಕಥೆ. ಪೂರ್ತಿ ಬೇರೆಯೂ ಅಲ್ಲ, ಅದಕ್ಕೆ ಮತ್ತೆ ಬರುತ್ತೇನೆ.

ಮದುರೆಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 1606ರಲ್ಲಿ ಅಲ್ಲಿಗೆ ಬಂದ ಇಟಲಿಯ ಜೆಸ್ಯೂಟ್ ಪಾದ್ರಿ ರಾಬರ್ಟೋ ಡಿ ನೊಬಿಲಿ ಕಾವಿ ಉಟ್ಟ, ಮಾಂಸ ಬಿಟ್ಟ, ಗಂಧ ಹಚ್ಚಿದ. ಮತಕ್ಕೆ ಸೇರಿದ ಬ್ರಾಹ್ಮಣರು ಜನಿವಾರ, ಜುಟ್ಟು ಇಟ್ಟುಕೊಳ್ಳಲಿ ಬಿಡಿ ಅಂದ. ಉಳಿದ ಪಾದ್ರಿಗಳು ರೋಮಿಗೆ ದೂರು ಕೊಟ್ಟರು. ಅಲ್ಲಿಂದ ಸುಮಾರು ನೂರಮೂವತ್ತು ವರ್ಷ ಒಂದೇ ಪ್ರಶ್ನೆ: ಜನಿವಾರ ಪೂಜೆಯೋ, ಬರೀ ಪದ್ಧತಿಯೋ? ಗಂಧ ದೇವರದ್ದೋ, ಅಲಂಕಾರದ್ದೋ? ಪೋಪ್ ಒಬ್ಬರು 1623ರಲ್ಲಿ ಪರವಾಗಿಲ್ಲ ಅಂದರು. ಪುದುಚೇರಿಗೆ ಬಂದಿದ್ದ ಪೋಪರ ಪ್ರತಿನಿಧಿ 1704ರಲ್ಲಿ ಮದುವೆಯಲ್ಲಿ ತೆಂಗಿನಕಾಯಿ ಒಡೆದು ಶಕುನ ನೋಡುವುದನ್ನೂ ಸೇರಿಸಿ ಹಲವನ್ನು ನಿಷೇಧಿಸಿದರು. 1744ರಲ್ಲಿ ಇನ್ನೊಬ್ಬ ಪೋಪ್ ಅದಕ್ಕೆ ಮುದ್ರೆ ಒತ್ತಿದರು. ಇಲ್ಲಿಗೆ ಬರುವ ಪಾದ್ರಿಗಳು ಇದನ್ನೆಲ್ಲ ಪಾಲಿಸುತ್ತೇವೆ ಅಂತ ಪ್ರಮಾಣ ಮಾಡಬೇಕಿತ್ತು, ಅದು ಹೋದದ್ದು 1940ರಲ್ಲಿ. ತೆಂಗಿನಕಾಯಿ ಒಡೆಯಬಹುದೋ ಅಂತ ತೀರ್ಮಾನ ಮಾಡಿದವರಲ್ಲಿ ಎಷ್ಟು ಜನ ತೆಂಗಿನಮರ ನೋಡಿದ್ದರೋ!

ಪ್ರಾಟೆಸ್ಟೆಂಟರು ಈ ವಿಷಯದಲ್ಲಿ ಇನ್ನೂ ಬಿಗಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅನ್ನುವ ಪಾದ್ರಿಗಳ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂತು. ಮತಕ್ಕೆ ಬಂದವರು, ಅವರಲ್ಲಿ ಬಿಲ್ಲವರು ತುಂಬಾ, ದೈವಾರಾಧನೆಯನ್ನು, ಅಂದರೆ ಭೂತಾರಾಧನೆಯನ್ನು ಪೂರ್ತಿ ಬಿಡಬೇಕಿತ್ತು. ಕೆಲವರಿಗೆ ಅದು ಬಿಡುಗಡೆಯೇ ಆಗಿತ್ತು ಅನ್ನುವುದನ್ನೂ ಹೇಳಬೇಕು, ಭೂತದ ಭಯ ಸಣ್ಣದಲ್ಲ. ಆದರೆ ತಮಾಷೆ ನೋಡಿ, ಅದೇ ಮಿಷನ್ನಿನ ಪಾದ್ರಿ ಮ್ಯಾನರ್ 1886ರಲ್ಲಿ ಆ ದೈವಗಳ ಕಥೆ ಹೇಳುವ ತುಳು ಹಾಡುಗಳನ್ನು, ಪಾಡ್ದನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಜನರಿಗೆ ಹಾಡಬೇಡಿ ಅಂದ ಮಿಷನ್ನೇ ಆ ಹಾಡುಗಳನ್ನು ಬರೆದಿಟ್ಟಿತು.

ಆಮೇಲೆ ಗಾಳಿ ತಿರುಗಿತು. 1965ರ ವ್ಯಾಟಿಕನ್ ಮಹಾಸಭೆಯ ಹೇಳಿಕೆಯಲ್ಲಿ ಹಿಂದೂ ಧರ್ಮದ ಬಗ್ಗೆ ಗೌರವದ ಮಾತು ಬಂತು. 1969ರಲ್ಲಿ ಭಾರತದ ಪೂಜೆಗೆ ಹನ್ನೆರಡು ಬದಲಾವಣೆಗೆ ರೋಮ್ ಒಪ್ಪಿತು. ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು, ಕೈ ಮುಗಿದು, ಆರತಿ ಎತ್ತಿ ಪೂಜೆ ಮಾಡಬಹುದು. ಬೆಂಗಳೂರಿನಲ್ಲಿ ಇದಕ್ಕೆ ಒಂದು ದೊಡ್ಡ ಕೇಂದ್ರವೇ ಇತ್ತು. ಅದನ್ನು ಕಟ್ಟಿದ ಫಾದರ್ ಅಮಲೋರ್ಪವದಾಸ್ ಆಮೇಲೆ ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮ ಮಾಡಿದರು.

ನೆರೆಯವರು ಖುಷಿಪಟ್ಟರಾ? ಅಷ್ಟೇನಿಲ್ಲ. ನಮ್ಮ ಹಳೇ ತಲೆಗಳು ಇದು ಚರ್ಚೋ ಮಠವೋ ಅಂತ ಸಿಟ್ಟಾದರು. ಕೆಲವು ಹಿಂದೂಗಳು ಇದು ವೇಷ, ಮತಾಂತರದ ಹೊಸ ಉಪಾಯ ಅಂದರು. ದಲಿತ ಕ್ರೈಸ್ತರು ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಖಾರದ್ದು: ನಾವು ಯಾವ ಬ್ರಾಹ್ಮಣ ಪದ್ಧತಿಯಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದೆವೋ ಅದನ್ನೇ ನೀವು ಬಲಿಪೀಠದ ಮೇಲೆ ತಂದಿಡುತ್ತೀರಾ? ಭಾರತೀಯ ಅಂದರೆ ಸಂಸ್ಕೃತ, ಕಾವಿ, ಓಂಕಾರ ಮಾತ್ರವಾ? ನಮ್ಮ ತಮಟೆಗೆ ಯಾಕೆ ಜಾಗ ಇಲ್ಲ? ಇದಕ್ಕೆ ಇವತ್ತಿಗೂ ಸರಿಯಾದ ಉತ್ತರ ನನ್ನ ಹತ್ತಿರ ಇಲ್ಲ. ನನಗೆ ಅನ್ನಿಸುವುದು ಇಷ್ಟು. ಆ ಪ್ರಯೋಗ ನಡೆದದ್ದು ದೇವರಕೋಣೆಯಲ್ಲಿ, ಅದರ ಗೋಡೆಗೆ ಬಣ್ಣ ಬಳಿದರು. ನೆರೆಮನೆಯ ಅಕ್ಕ ಅಲ್ಲಿಗೆ ಬರುವುದೇ ಇಲ್ಲವಲ್ಲ. ಅವರು ಬರುವುದು ಬತ್ತಿ ಹಚ್ಚುವ ಕಡೆಗೆ.

ಜಾತಿಯ ವಿಷಯಕ್ಕೆ ವಾಪಸ್ ಬರುತ್ತೇನೆ ಅಂದಿದ್ದೆ. ಕ್ರಿಸ್ಮಸ್ಸಿಗೆ ನಮ್ಮಲ್ಲಿ ಕುಸ್ವಾರ್ ಹಂಚುತ್ತಾರೆ. ನೆವ್ರಿ, ಕಿಡಿಯೊ, ಚಕ್ಕುಲಿ, ಗುಳಿಯೊ. ಅಮ್ಮ ತಟ್ಟೆಗಳನ್ನು ಸಾಲಾಗಿ ಇಟ್ಟು ಕ್ರೋಶ ಹಾಕಿದ ಬಟ್ಟೆ ಮುಚ್ಚುತ್ತಿದ್ದರು. ಅಕ್ಕನ ಮನೆಗೆ ಎಲ್ಲವೂ ಹೋಗುತ್ತಿತ್ತು, ಮೊಟ್ಟೆ ಹಾಕಿದ ಕೇಕ್ ಸಹಿತ. ಭಟ್ಟರ ಮನೆಗೆ ಮಾತ್ರ ಒಂದು ಗೊನೆ ಬಾಳೆಹಣ್ಣು, ತೆಂಗಿನಕಾಯಿ, ಸಕ್ಕರೆ. ಬೇಯಿಸಿದ್ದು ಯಾವುದೂ ಇಲ್ಲ. ಬೇಡ ಅಂತ ಅವರು ಯಾವತ್ತೂ ಹೇಳಿರಲಿಲ್ಲ. ಹೇಳುವ ಸಂದರ್ಭ ಬರದ ಹಾಗೆ ಅಮ್ಮನೇ ನೋಡಿಕೊಳ್ಳುತ್ತಿದ್ದರು. ಗುಡ್ಡದ ಬದಿಯ ಕೆಲಸದವರ ಮನೆಗಳಿಗೆ ತಟ್ಟೆ ಹೋಗುತ್ತಿರಲಿಲ್ಲ, ಅವರೇ ಹಿತ್ತಿಲ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಚಿಕ್ಕವನಾಗಿದ್ದಾಗ ತಟ್ಟೆ ಹೊತ್ತವನು ನಾನೇ, ನನಗೆ ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ. ಜಗಲಿ ಅಂತ ನಾನು ಹೊಗಳುತ್ತಿದ್ದೇನಲ್ಲ, ಆ ಜಗಲಿಗೂ ಮೆಟ್ಟಿಲುಗಳಿದ್ದವು. ಯಾರು ಯಾವ ಮೆಟ್ಟಿಲ ತನಕ ಅಂತ ಎಲ್ಲರಿಗೂ ಗೊತ್ತಿತ್ತು.

ಒಂದು ನಿಯಮ ಮಾತ್ರ ಎಲ್ಲರಿಗೂ ಒಂದೇ. ಬಂದ ಪಾತ್ರೆ ಖಾಲಿ ವಾಪಸ್ ಹೋಗಬಾರದು. ನಮ್ಮ ತಟ್ಟೆ ಅಕ್ಕನ ಮನೆಯಿಂದ ಬರುವಾಗ ಅದರಲ್ಲಿ ಎರಡು ಲಿಂಬೆಹಣ್ಣಾದರೂ ಇರುತ್ತಿತ್ತು. ಕೆಲವೊಮ್ಮೆ ತುಂಬಿಸಲು ಏನಾದರೂ ಸಿಗುವ ತನಕ ತಟ್ಟೆ ವಾರಗಟ್ಟಲೆ ಅಲ್ಲೇ ಇರುತ್ತಿತ್ತು.

2008ರ ಸೆಪ್ಟೆಂಬರಿನಲ್ಲಿಯೂ ಒಂದು ಪಾತ್ರೆ ಹಾಗೆ ಅಲ್ಲಿ ಉಳಿದಿತ್ತು. ಸೆಪ್ಟೆಂಬರ್ 8ಕ್ಕೆ ನಮ್ಮ ತೆನೆ ಹಬ್ಬ, ಅಮ್ಮ ಪಾಯಸ ಕಳಿಸಿದ್ದರು. ಆರು ದಿನ ಬಿಟ್ಟು 14ನೇ ತಾರೀಕು ಭಾನುವಾರ ಮಂಗಳೂರು ಮತ್ತು ಸುತ್ತಮುತ್ತ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಮತಾಂತರದ ಆರೋಪ ಇದ್ದದ್ದು ಬೇರೆ ಒಂದು ಹೊಸ ಕ್ರೈಸ್ತ ಪಂಗಡದ ಮೇಲೆ. ಏಟು ಬಿದ್ದದ್ದು ಕ್ಯಾಥೋಲಿಕ್ ಸನ್ಯಾಸಿನಿಯರ ಆರಾಧನಾ ಮಠಕ್ಕೂ. ಅಲ್ಲಿ ಶಿಲುಬೆ ಮುರಿದರು, ಪರಮಪ್ರಸಾದ ಇಡುವ ಪೆಟ್ಟಿಗೆಯನ್ನು ಒಡೆದರು. ಅಂದರೆ ನೇರ ದೇವರಕೋಣೆಗೇ ನುಗ್ಗಿದರು. ಕಿಟಕಿ ಗಾಜಿಗೆ ಕಲ್ಲು ಬಿದ್ದಿದ್ದರೆ ಅಮ್ಮ ಅಷ್ಟು ಅಳುತ್ತಿರಲಿಲ್ಲ.

ಅಕ್ಕ ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ದಿನಾ ಬೇಲಿಯ ಹತ್ತಿರ ನಿಂತು ಮಾತಾಡುತ್ತಿದ್ದವರು. ಅಮ್ಮನಿಗೆ ಸಿಟ್ಟು ಬಂತು, ಆಮೇಲೆ ಹೆದರಿಕೆ ಆಯಿತು. ಅಕ್ಕನ ಮನೆಯ ಹುಡುಗರಲ್ಲಿ ಒಬ್ಬ ದಾಳಿ ಮಾಡಿದ ಗುಂಪಿನ ಜೊತೆ ಓಡಾಡುತ್ತಾನೆ ಅಂತ ಊರಲ್ಲಿ ಮಾತಿತ್ತು. ನಿಜವೋ ಸುಳ್ಳೋ, ನಾವು ಕೇಳಲಿಲ್ಲ. ಒಂದು ವಾರ ಕಳೆದು ಸಂಜೆ ಹೊತ್ತಿಗೆ ಅಕ್ಕ ಆ ಪಾಯಸದ ಪಾತ್ರೆ ಹಿಡಿದುಕೊಂಡು ಬಂದರು. ಒಳಗೆ ಒಂದು ಹಿಡಿ ಮಲ್ಲಿಗೆ. ‘ಪಾತ್ರೆ ಕೊಡ್ಲಿಕ್ಕೆ ಬಂದೆ’ ಅಂದರು. ಅಮ್ಮ ಚಾ ಮಾಡಿದರು. ಗಲಾಟೆಯ ಬಗ್ಗೆ ಇಬ್ಬರೂ ಒಂದು ಶಬ್ದ ಆಡಲಿಲ್ಲ. ದನ ಕರು ಹಾಕಿದ್ದರ ಬಗ್ಗೆ ಮಾತಾಡಿದರು.

ಇದನ್ನು ಹೇಳಿದಾಗ ಸಭೆಯಲ್ಲಿ ಒಬ್ಬ ಹುಡುಗ ಎದ್ದು ಕೇಳಿದ, ‘ಸರ್, ಪಾಯಸ ಹಂಚಿಯೂ ದಾಳಿ ನಿಲ್ಲಲಿಲ್ಲವಲ್ಲ, ಹಾಗಾದರೆ ಈ ಆಚರಣೆಗಳಿಂದ ಏನು ಪ್ರಯೋಜನ?’ ಒಳ್ಳೇ ಪ್ರಶ್ನೆ. ದಾಳಿ ತಡೆಯುವುದು ಪೊಲೀಸರ ಕೆಲಸ, ಪಾಯಸದ ಕೆಲಸ ಅಲ್ಲ. ಆದರೆ ಅಷ್ಟೆಲ್ಲ ಆದ ಮೇಲೆ ಅಕ್ಕನಿಗೆ ನಮ್ಮ ಅಂಗಳಕ್ಕೆ ಕಾಲಿಡಲು ಒಂದು ನೆಪ ಬೇಕಿತ್ತು. ಕ್ಷಮೆ ಕೇಳುವುದಕ್ಕೆ ಅವರು ತಪ್ಪು ಮಾಡಿರಲಿಲ್ಲ. ಸಮಾಧಾನ ಹೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಪಾತ್ರೆ ಇತ್ತು, ಬಂದರು. ಪಾತ್ರೆಯೇ ಇಲ್ಲದ ಮನೆಗಳ ನಡುವೆ ಆ ವಾರ ಏನಾಯಿತು ಅಂತ ಯೋಚಿಸಿ.

ಅಮ್ಮ ತೀರಿಕೊಂಡಾಗ ಅಕ್ಕನ ಗಂಡ ಸಿಮೆಟ್ರಿಗೆ ಬಂದಿದ್ದರು. ಪೆಟ್ಟಿಗೆ ಇಳಿಸಿದ ಮೇಲೆ ಎಲ್ಲರೂ ಒಂದು ಹಿಡಿ ಮಣ್ಣು ಹಾಕುತ್ತಾರೆ. ಅಲ್ಲಿ ಯಾರನ್ನೂ ನೀನ್ಯಾರು ಅಂತ ಕೇಳುವುದಿಲ್ಲ. ಅವರೂ ಹಾಕಿದರು. ಸೀದಾ ಮನೆಗೆ ಹೋಗಿ, ಒಳಗೆ ಕಾಲಿಡದೆ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರಿದುಕೊಂಡರು. ಬೇಲಿಯ ಈಚೆಯಿಂದ ನನಗೆ ಕಾಣುತ್ತಿತ್ತು. ಪೇಟೆಯಿಂದ ಬಂದ ನಮ್ಮ ಸಂಬಂಧಿಕರೊಬ್ಬರು ‘ನೋಡು, ನಮ್ಮನ್ನು ಮುಟ್ಟಿದ್ದಕ್ಕೆ ಸ್ನಾನ’ ಅಂದರು. ಅದು ಸೂತಕದ ಸ್ನಾನ. ಹತ್ತಿರದವರು ಸತ್ತರೆ ಅವರು ಹಾಗೆಯೇ ಮಾಡುವುದು. ನಮ್ಮ ಅಮ್ಮನನ್ನು ಆ ಲೆಕ್ಕಕ್ಕೆ ಸೇರಿಸಿದ್ದರು.

ತೆನೆಯ ಬಗ್ಗೆ ಹೇಳಿ ಮುಗಿಸುತ್ತೇನೆ. ಸೆಪ್ಟೆಂಬರ್ 8 ಮೇರಿಮಾತೆಯ ಹುಟ್ಟುಹಬ್ಬ, ನಮಗೆ ಅದು ಮೊಂತಿ ಫೆಸ್ತ್, ಹೊಸ ಅಕ್ಕಿಯ ಊಟ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದಾ ಇದನ್ನು ಶುರು ಮಾಡಿದರು ಅನ್ನುತ್ತಾರೆ. ಮಕ್ಕಳು ಒಂಬತ್ತು ದಿನ ಬುಟ್ಟಿಯಲ್ಲಿ ಹೂ ಒಯ್ದು ಬಾಲೆ ಮೇರಿಗೆ ಹಾಕುತ್ತಾರೆ. ಹಬ್ಬದ ದಿನ ಫಾದರ್ ತೆನೆ ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಅದರ ಭತ್ತ ಸುಲಿದು, ಪುಡಿ ಮಾಡಿ ಪಾಯಸಕ್ಕೋ ತೆಂಗಿನ ಹಾಲಿಗೋ ಹಾಕಿ ಮನೆಯವರೆಲ್ಲ ತೆಗೆದುಕೊಳ್ಳಬೇಕು. ಅವತ್ತು ಮೀನು ಮಾಂಸ ಇಲ್ಲ, ಬಾಳೆಲೆಯಲ್ಲಿ ತರಕಾರಿ ಊಟ. ನೆರೆಯ ತುಳುವರ ಮನೆಯಲ್ಲಿ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಕೊರಲ್ ಪರ್ಬ. ಅಲ್ಲೂ ತೆನೆ ತರುವುದು, ಬಾಗಿಲಿಗೆ ಕಟ್ಟುವುದು, ಹೊಸ ಅಕ್ಕಿ ಊಟ.

ನಾನು ಸಣ್ಣವನಿದ್ದಾಗ ಚರ್ಚಿಗೆ ಬೇಕಾದ ತೆನೆ ಬರುತ್ತಿದ್ದದ್ದು ಅಕ್ಕನ ಗದ್ದೆಯಿಂದ. ಬೆಳಿಗ್ಗೆ ಬೇಗ ಹೋಗಿ ಇಬ್ಬನಿ ಆರುವ ಮೊದಲೇ ಕೊಯ್ದು ತರಬೇಕಿತ್ತು. ಅವರು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಈಗ ಆ ಗದ್ದೆ ಅರ್ಧ ಅಡಿಕೆ ತೋಟ, ಅರ್ಧ ಲೇಔಟು. ಚರ್ಚಿನವರೂ ಎಲ್ಲಿಂದಲೋ ತೆನೆ ತರಿಸುತ್ತಾರೆ. ಕಳೆದ ವರ್ಷ ಹಬ್ಬದ ಹಿಂದಿನ ರಾತ್ರಿ ಅಕ್ಕನ ಮೊಮ್ಮಗನ ಹೆಂಡತಿಯಿಂದ ವಾಟ್ಸಾಪ್ ಬಂತು. ‘ಅಂಕಲ್, ನಾಳೆ ಚರ್ಚಿಂದ ಬರುವಾಗ ನಮಗೂ ಎರಡು ತೆನೆ ತರ್ತೀರಾ? ಇಲ್ಲೆಲ್ಲೂ ಸಿಗುವುದಿಲ್ಲ.’

ಸ್ವಲ್ಪ ಯೋಚಿಸಿ ಬರೆದೆ, ‘ತರ್ತೇನೆ. ಫಾದರ್ ಆಶೀರ್ವಾದ ಮಾಡಿದ್ದು ಆಗ್ತದಾ, ಅಥವಾ ಮೊದಲೇ ತೆಗೆದಿಡಲಾ?’

ಎರಡು ನೀಲಿ ಗೆರೆ ಬಂತು. ತುಂಬಾ ಹೊತ್ತು ಉತ್ತರ ಇಲ್ಲ. ಮನೆಯಲ್ಲಿ ದೊಡ್ಡವರ ಹತ್ತಿರ ಕೇಳಿರಬೇಕು. ಆಮೇಲೆ ಬಂತು.

‘ಆಶೀರ್ವಾದ ಆದದ್ದೇ ತನ್ನಿ ಅಂಕಲ್. ನಾವು ಪುನಃ ಪೂಜೆ ಮಾಡಿ ಕಟ್ತೇವೆ.’